ನಳಿಗೆ ಅಷ್ಟೇ ಉದ್ದ, ಕೋವಿ ಮಾತ್ರ ಗಿಡ್ಡ

ಆಸ್ಟ್ರಿಯಾದ ಸೇನೆ 1977ರಲ್ಲಿ ಒಪ್ಪಿಕೊಂಡ ಸ್ಟೈಯರ್ ಆಗ್ ರೈಫಲ್‌ನ ಉದ್ದ 790 ಮಿಲಿಮೀಟರ್. ಅಮೆರಿಕದ ಎಂ-16 ರೈಫಲ್ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ. ಆದರೆ ಎರಡರ ನಳಿಗೆಯನ್ನೂ ಅಳೆದು ನೋಡಿದರೆ ಸರಿಸಮ: 508 ಮಿಲಿಮೀಟರ್. ಹಾಗಾದರೆ ಉಳಿದ 20 ಸೆಂಟಿಮೀಟರ್ ಎಲ್ಲಿ ಹೋಯಿತು?

ಕೋವಿಯ ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ಯಾವುದೇ ರೈಫಲ್‌ನಲ್ಲಿ ಟ್ರಿಗರ್‌ನಿಂದ ಭುಜಕ್ಕೆ ಒತ್ತುವ ತುದಿಯವರೆಗೆ 33ರಿಂದ 36 ಸೆಂಟಿಮೀಟರ್ ಇರಲೇಬೇಕು. ಅದನ್ನು ನಿರ್ಧರಿಸುವುದು ಮನುಷ್ಯನ ತೋಳು. ಹಳೆಯ ವಿನ್ಯಾಸದಲ್ಲಿ ಅಷ್ಟು ಜಾಗದಲ್ಲಿ ಇರುವುದು ಬಹುಮಟ್ಟಿಗೆ ಮರ ಅಥವಾ ಪ್ಲಾಸ್ಟಿಕ್. ತೋಟಾ ಕೂರುವ ಕೋಣೆ, ಬೋಲ್ಟ್, ಮ್ಯಾಗಜೀನ್ ಎಲ್ಲವನ್ನೂ ಟ್ರಿಗರ್‌ನ ಹಿಂದಕ್ಕೆ ಸರಿಸಿ ಆ ಖಾಲಿ ಜಾಗದಲ್ಲೇ ಕೂರಿಸಿದರೆ ಅದು ಬುಲ್‌ಪಪ್ ಕೋವಿ.

ಗಿಡ್ಡ ಕೋವಿ ಬೇಕಾದರೆ ನಳಿಗೆಯನ್ನೇ ಕತ್ತರಿಸಬಹುದಲ್ಲ ಎನ್ನಿಸಬಹುದು. ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ತಳ್ಳುತ್ತಾ ಹೋಗುವುದು ಅದು ನಳಿಗೆಯೊಳಗೆ ಇರುವವರೆಗೆ ಮಾತ್ರ. .308 ಎಂಬ ತೋಟಾ ಬಳಸುವ ರೈಫಲ್‌ನ ನಳಿಗೆಯಲ್ಲಿ ಒಂದು ಅಂಗುಲ ಕಡಿಮೆಯಾದರೆ ಗುಂಡಿನ ವೇಗ ಸೆಕೆಂಡಿಗೆ ಸುಮಾರು ಆರೇಳು ಮೀಟರ್ ಇಳಿಯುತ್ತದೆ. ದೂರದ ಗುರಿಗೆ ಈ ನಷ್ಟ ದೊಡ್ಡದು. ಅಮೆರಿಕದಲ್ಲಿ ಕಾನೂನಿನ ಮಾತೂ ಸೇರಿಕೊಳ್ಳುತ್ತದೆ: ವಿಶೇಷ ನೋಂದಣಿ ಇಲ್ಲದೆ ಇಟ್ಟುಕೊಳ್ಳುವ ರೈಫಲ್‌ಗೆ ಕನಿಷ್ಠ 16 ಅಂಗುಲದ ನಳಿಗೆ, ಒಟ್ಟು 26 ಅಂಗುಲ ಉದ್ದ ಇರಬೇಕು. ನಳಿಗೆ ಮುಟ್ಟದೆ ಕೋವಿ ಗಿಡ್ಡ ಮಾಡುವ ಬುಲ್‌ಪಪ್ ಹಿಡಿಯ (ಕೋವಿಯನ್ನು ಕೂರಿಸುವ ಮರ ಅಥವಾ ಪ್ಲಾಸ್ಟಿಕ್ ಚೌಕಟ್ಟಿನ) ಮೇಲೆ ಅಲ್ಲಿನ ಹವ್ಯಾಸಿಗಳಿಗೆ ಒಲವು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಆಲೋಚನೆ ಸ್ವಯಂಚಾಲಿತ ಕೋವಿಗಳಿಗಿಂತ ಮೊದಲೇ ಕೈಯಿಂದ ಬೋಲ್ಟ್ ಎಳೆಯುವ ರೈಫಲ್‌ಗೆ ಬಂದಿತ್ತು. 1901ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ ಥಾರ್ನಿಕ್ರಾಫ್ಟ್ ಕಾರ್ಬೈನ್ ಆಗಿನ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್‌ಗಿಂತ 19 ಸೆಂಟಿಮೀಟರ್ ಗಿಡ್ಡ, ತೂಕದಲ್ಲೂ ಶೇಕಡಾ 10ರಷ್ಟು ಹಗುರ. ಅಲ್ಲಿನ ಹೈತ್ ಊರಿನಲ್ಲಿ ನಡೆದ ಪರೀಕ್ಷೆಯಲ್ಲಿ ಅದರ ಒದೆತ ವಿಪರೀತ ಎನಿಸಿತು, ಕೈಗೂ ಅದು ಒಗ್ಗಲಿಲ್ಲ. ಸೇನೆ ಅದನ್ನು ಕೈಬಿಟ್ಟಿತು.

ಕೈಗೆ ಒಗ್ಗದಿರುವುದೇಕೆ ಎಂದು ತಿಳಿಯಲು ಬೋಲ್ಟ್ ಓಡಾಡುವ ದಾರಿಯನ್ನು ಗಮನಿಸಬೇಕು. ಬೋಲ್ಟ್ ಕೆಲಸ ಮಾಡುವುದು ಬಾಗಿಲಿನ ಚಿಲಕದಂತೆ: ಅದರ ಗುಬುಟು ಎತ್ತು, ಹಿಂದಕ್ಕೆಳೆ, ಮುಂದಕ್ಕೆ ತಳ್ಳು, ಗುಬುಟು ಇಳಿಸು. .308 ತೋಟಾದ ಉದ್ದ 71 ಮಿಲಿಮೀಟರ್. ಮ್ಯಾಗಜೀನ್‌ನಿಂದ ಮುಂದಿನ ತೋಟಾ ಮೇಲೇಳಬೇಕಾದರೆ ಬೋಲ್ಟ್ ಅದಕ್ಕಿಂತ ಹೆಚ್ಚು ಹಿಂದೆ ಸರಿಯಬೇಕು. ಸಾಮಾನ್ಯ ರೈಫಲ್‌ನಲ್ಲಿ ಇದೆಲ್ಲ ಮುಖದ ಮುಂದೆ ನಡೆಯುತ್ತದೆ. ಬುಲ್‌ಪಪ್‌ನಲ್ಲಿ ನಡೆಯುವುದು ಕೆನ್ನೆಯ ಪಕ್ಕದಲ್ಲಿ. ಪ್ರತಿ ಗುಂಡಿಗೂ ಕೈ ಹಿಡಿಕೆ ಬಿಟ್ಟು ಹಿಂದಕ್ಕೆ ಬರಬೇಕು, ಮೊಣಕೈ ಮಡಚಬೇಕು, ಹಲವು ಸಲ ತಲೆಯನ್ನೂ ಎತ್ತಬೇಕು. ಆ ಹೊತ್ತಿಗೆ ಗುರಿ ಕಣ್ಣು ತಪ್ಪಿರುತ್ತದೆ.

ಎರಡನೆಯ ತೊಡಕು ಟ್ರಿಗರ್‌ನದು. ಹಳೆಯ ರೈಫಲ್‌ಗೆ ಬುಲ್‌ಪಪ್ ಹಿಡಿ ತೊಡಿಸಿದಾಗ ಅದರ ಮೂಲ ಟ್ರಿಗರ್ ಹಿಂದೆಯೇ ಉಳಿಯುತ್ತದೆ, ಬೆರಳಿಗೆ ಸಿಗುವುದು ಮುಂದಿರುವ ಹೊಸ ಟ್ರಿಗರ್. ಎರಡನ್ನೂ ಉದ್ದನೆಯ ಸರಳೊಂದು ಜೋಡಿಸುತ್ತದೆ. ಹಿಂದೆ ಫೈರಿಂಗ್ ಪಿನ್ನನ್ನು ತಡೆದಿಟ್ಟಿರುವುದು ಉಕ್ಕಿನ ಪುಟ್ಟ ಕೊಕ್ಕೆ. ಕೂದಲೆಳೆಯಷ್ಟು ಜರುಗಿದರೂ ಅದು ಬಿಟ್ಟುಕೊಡುತ್ತದೆ. ಸರಳಿನ ಎರಡು ಕೀಲುಗಳಲ್ಲೂ ಒಂದಿಷ್ಟು ಸಡಿಲ ಇದ್ದೇ ಇರುತ್ತದೆ. ತೆಳು ಸರಳನ್ನು ತುದಿಯಿಂದ ತಳ್ಳಿದರೆ ನಡುವೆ ಬಾಗುತ್ತದೆ, ಎಳೆದರೆ ನೆಟ್ಟಗಾಗುತ್ತದೆ. ಹಾಗಾಗಿ ಸನ್ನೆಯೊಂದನ್ನು ನಡುವೆ ಸೇರಿಸಿ, ಬೆರಳು ಒತ್ತಿದಾಗ ಸರಳು ಎಳೆಯಲ್ಪಡುವಂತೆ ಮಾಡುವ ವಿನ್ಯಾಸ ಮೇಲು. ಸರಳು ಭಾರವಾದರೆ ಇನ್ನೊಂದು ಅಪಾಯ. ಕೋವಿ ನೆಲಕ್ಕೆ ಬಿದ್ದಾಗ ಜಡತ್ವದಿಂದ ಸರಳೇ ಜರುಗಿ ಕೊಕ್ಕೆಯನ್ನು ಬಿಡಿಸಬಹುದು. ಅದಕ್ಕೆಂದೇ ಅದು ಹಗುರವಾಗಿರಬೇಕು, ತನ್ನ ಜಾಗಕ್ಕೆ ಮರಳಿ ತರುವ ಸ್ಪ್ರಿಂಗ್ ಜೊತೆಗಿರಬೇಕು.

ಮೂರನೆಯದು ಎಲ್ಲಕ್ಕಿಂತ ಗಂಭೀರ. .308 ತೋಟಾ ಸಿಡಿದಾಗ ಕೋಣೆಯೊಳಗಿನ ಒತ್ತಡ ವಾತಾವರಣದ ಒತ್ತಡದ ನಾಲ್ಕು ಸಾವಿರ ಪಟ್ಟು ಮುಟ್ಟಬಲ್ಲದು. ತೋಟಾದ ಹಿತ್ತಾಳೆ ಕವಚ ಸೀಳಿದರೆ ಬಿಸಿ ಅನಿಲ ಸಂದುಗಳಿಂದ ನುಗ್ಗುತ್ತದೆ. ಬುಲ್‌ಪಪ್‌ನಲ್ಲಿ ಕೆನ್ನೆ ಒರಗಿರುವುದು ಆ ಭಾಗದ ಮೇಲೆಯೇ. ಕೆನ್ನೆಯ ಕೆಳಗೆ ಗಟ್ಟಿ ತಡೆ, ಅನಿಲ ಬೇರೆ ದಿಕ್ಕಿಗೆ ಹೋಗಲು ಕಿಂಡಿ, ಇವೆರಡೂ ಇಲ್ಲದ ಹಿಡಿಯನ್ನು ಭುಜಕ್ಕೆ ಏರಿಸಲೇಬಾರದು. ಹಿಡಿ ಕಟ್ಟುವುದು ನೋಡಲು ಸಾಮಾನ್ಯ ಮರಗೆಲಸದಂತೆ ಕಂಡರೂ ಅದು ಜೀವದ ಪ್ರಶ್ನೆ. ಭಾರತದಲ್ಲಂತೂ 1959ರ ಆಯುಧ ಕಾಯ್ದೆಯ ಪ್ರಕಾರ ಕೋವಿ ತಯಾರಿಸುವುದಕ್ಕಷ್ಟೇ ಅಲ್ಲ, ಮಾರ್ಪಡಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು.

ಇಷ್ಟೆಲ್ಲ ತೊಡಕಿದ್ದರೂ ಬುಲ್‌ಪಪ್ ಉಳಿದುಕೊಂಡಿದೆ. ಬ್ರಿಟನ್ 1985ರಲ್ಲಿ ಎಲ್-85 ಬುಲ್‌ಪಪ್ ತಂದಿತು. ನಮ್ಮ ವಿಶೇಷ ಪಡೆಗಳ ಕೈಗೆ ಇಸ್ರೇಲಿನ ಟವೋರ್ ಬಂತು. ಆದರೆ ಫ್ರಾನ್ಸ್ ತನ್ನ ಫಾಮಾಸ್ ಬುಲ್‌ಪಪ್ ಬದಲಿಗೆ ಸಾಮಾನ್ಯ ವಿನ್ಯಾಸದ ಎಚ್‌ಕೆ-416ಕ್ಕೆ ಹೊರಳಿತು, ಚೀನಾ ಕೂಡ ಬುಲ್‌ಪಪ್‌ನಿಂದ ಹಿಂದೆ ಸರಿಯಿತು. ಮ್ಯಾಗಜೀನ್ ಬೇಗ ಬದಲಿಸಬೇಕಾದ, ಎರಡೂ ಭುಜದಿಂದ ಹೊಡೆಯಬೇಕಾದ ಕಾಲಾಳಿಗೆ ಹಳೆಯ ವಿನ್ಯಾಸವೇ ಅನುಕೂಲ.

ಒಂದೊಂದೇ ಗುಂಡನ್ನು ನಿಧಾನವಾಗಿ, ದೂರಕ್ಕೆ ಹಾರಿಸುವ ಬೋಲ್ಟ್ ರೈಫಲ್‌ನ ಲೆಕ್ಕ ಬೇರೆ. ಅಲ್ಲಿ ಉದ್ದ ನಳಿಗೆಯೇ ಬಂಡವಾಳ, ಬೋಲ್ಟ್ ಎಳೆಯುವುದು ತುಸು ತಡವಾದರೆ ಅಡ್ಡಿಯಿಲ್ಲ. ಅಮೆರಿಕದ ಯೂಟಾ ರಾಜ್ಯದ ಡೆಸರ್ಟ್ ಟೆಕ್ ಕಂಪನಿಯ ಎಸ್‌ಆರ್‌ಎಸ್ ರೈಫಲ್ 26 ಅಂಗುಲದ ನಳಿಗೆ ಹೊತ್ತೂ ಒಂದು ಮೀಟರಿಗಿಂತ ಗಿಡ್ಡ. ಅದನ್ನು ಮೊದಲಿನಿಂದಲೇ ಬುಲ್‌ಪಪ್ ಆಗಿ ರೂಪಿಸಿದ್ದಾರೆ. ಹಳೆಯ ಕೋವಿಗೆ ಹೊಸ ಹಿಡಿ ತೊಡಿಸುವವರ ಸವಾಲು ಇದಕ್ಕಿಂತ ಕಠಿಣ, ಏಕೆಂದರೆ ಬೋಲ್ಟು, ಟ್ರಿಗರ್ ಎರಡನ್ನೂ ಬೇರೊಬ್ಬರು ಬೇರೆ ಜಾಗಕ್ಕೆಂದು ಮಾಡಿಟ್ಟಿದ್ದಾರೆ. ಅಂಥ ಹಿಡಿಯನ್ನು ಮೆಚ್ಚುವ ಮೊದಲು ಅದರೊಳಗಿನ ಸರಳನ್ನೂ ಕೆನ್ನೆಯ ಕೆಳಗಿನ ತಡೆಯನ್ನೂ ಪರೀಕ್ಷಿಸಬೇಕು. ಅವೆರಡೂ ಸರಿಯಿದ್ದರೆ ಮಾತ್ರ ಉಳಿಸಿದ ಇಪ್ಪತ್ತು ಸೆಂಟಿಮೀಟರಿಗೆ ಬೆಲೆ.