ನಮ್ಮ ದೀಪ, ಎದುರಿನವರ ಕತ್ತಲೆ

ಕಲಬುರಗಿಯಲ್ಲಿ ಕಾರು ಕೊಂಡವರು ಮೊದಲು ಶರಣಬಸವೇಶ್ವರರ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಹೋಗಿ ಬರುತ್ತಾರೆ. ಅನಂತರ ಅವರ ಸವಾರಿ ಸಾಗುವುದು ಕಾರಿನ ಅಲಂಕಾರ ಸಾಮಗ್ರಿಗಳ ಅಂಗಡಿಗೆ. ಸೀಟಿನ ಹೊದಿಕೆ, ಕಾಲಡಿಯ ಮ್ಯಾಟು, ಗಾಜಿನ ಫಿಲ್ಮು, ಮುಂದಿನ ಕಬ್ಬಿಣದ ಗಾರ್ಡು, ಎಲ್‌ಇಡಿ ದೀಪ, ಏರುದನಿಯ ಹಾರ್ನು, ಸಂಗೀತದ ಪೆಟ್ಟಿಗೆ: ಪಟ್ಟಿಗೆ ಕೊನೆಯೆಂಬುದಿಲ್ಲ. ಕಾರ್ಖಾನೆಯಿಂದ ಬಂದ ಕಾರು ಎಲ್ಲರದೂ ಒಂದೇ. ಅದು ‘ನಮ್ಮದು’ ಆಗುವುದು ಈ ಅಂಗಡಿಯಲ್ಲಿ. ಆ ಸಂತೋಷವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ನಾನೂ ಆ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದವನೇ.

ನಿವೃತ್ತಿಯ ಹಣದಲ್ಲಿ ನಾನು ಕೊಂಡದ್ದು ಕೆಳ ಶ್ರೇಣಿಯ ಒಂದು ಸಣ್ಣ ಕಾರು. ಕಮಲಾಪುರದಲ್ಲಿರುವ ಅಕ್ಕನ ಮನೆಗೆ ವಾರಕ್ಕೊಮ್ಮೆ ಹೋಗಿಬರುವುದು, ಅವಳ ಬಾಳೆಯ ತೋಟದಲ್ಲಿ ಒಂದು ಹಗಲು ಕಳೆಯುವುದು ನನ್ನ ವಿಶ್ರಾಂತ ಜೀವನದ ಕ್ರಮ. ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಳೆ ಎಂಬುದನ್ನು ಓದುಗರು ಬಲ್ಲರು. ಹುಮನಾಬಾದ್ ದಿಕ್ಕಿನ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ಹಾದಿ. ಹಗಲಿನಲ್ಲಿ ಸುಖಕರ, ಆದರೆ ರಾತ್ರಿ ಹಿಂದಿರುಗುವಾಗ ಕಾರಿನ ಹಳದಿ ಬೆಳಕು ನನ್ನ ಅರವತ್ತು ದಾಟಿದ ಕಣ್ಣಿಗೆ ಸಾಲದೆನಿಸುತ್ತಿತ್ತು. ಅಂಗಡಿಯವರು ಅರ್ಧ ಗಂಟೆಯಲ್ಲಿ ಹಳೆಯ ಬಲ್ಬು ತೆಗೆದು ಎಲ್‌ಇಡಿ ಕೂರಿಸಿದರು. “ಎದುರಿನವರಿಗೆ ತೊಂದರೆಯಾಗುವುದಿಲ್ಲವೇ?” ಎಂದು ಕೇಳಿದೆ. “ಏನೂ ಆಗಂಗಿಲ್ರಿ ಸಾಹೇಬ್ರ, ನೀವು ಡಿಪ್ ಮಾಡಿದ್ರ ಮುಗೀತು” ಎಂದರು. ನಾನು ಡಿಪ್ ಮಾಡುವ ಶಿಸ್ತಿನವನಾದ್ದರಿಂದ ನನ್ನ ಆತ್ಮಸಾಕ್ಷಿಗೆ ಅಷ್ಟೇ ಸಾಕಾಯಿತು.

ಕಳೆದ ತೊಗರಿ ರಾಶಿಯ ದಿನಗಳಲ್ಲಿ ಒಂದು ರಾತ್ರಿ, ಎಂಟರ ಸುಮಾರಿಗೆ, ಕಮಲಾಪುರದಿಂದ ಹಿಂದಿರುಗಿದೆ. ಮರುದಿನ ಬೆಳಿಗ್ಗೆ ಅಕ್ಕನ ಫೋನು. ಅವಳ ಮಗ ಅದೇ ರಾತ್ರಿ ಕಲಬುರಗಿಯಿಂದ ಬೈಕಿನಲ್ಲಿ ಊರಿಗೆ ಹೋಗುವಾಗ ಕುರಿಕೋಟಾ ಸೇತುವೆಯ ಈಚೆ ರಸ್ತೆ ಬಿಟ್ಟು ಕೆಳಗಿಳಿದು ಬಿದ್ದಿದ್ದ. ಹೆಗಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಹೇಳಿದ್ದು ಇಷ್ಟು: “ಎದುರಿನ ಕಾರಿನ ಬಿಳಿ ಲೈಟ್ ಕಣ್ಣಿಗಿ ಹೊಡೀತ್ರಿ ಮಾಮಾ, ರೋಡ್ ಎಲ್ಲದ ಅಂತ ಗೊತ್ತೇ ಆಗಲಿಲ್ಲ.” ಎಷ್ಟು ಗಂಟೆಗೆ ಎಂದು ಕೇಳಿದೆ. ಎಂಟೂವರೆ ಇರಬಹುದು ಎಂದ. ನಾನು ಆ ಸೇತುವೆ ದಾಟಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಅದು ನನ್ನ ಕಾರೇ ಎಂದು ಹೇಳಲು ಆಧಾರವಿಲ್ಲ. ಅಲ್ಲ ಎಂದು ಹೇಳಲೂ ಆಧಾರವಿಲ್ಲ. ಆ ಹೊತ್ತಿನಲ್ಲಿ ಬಿಳಿ ಬೆಳಕಿನ ಕಾರುಗಳು ಆ ರಸ್ತೆಯಲ್ಲಿ ಹತ್ತಾರು. ಅಳಿಯನಿಗೆ ನಾನು ಅಂದು ಏನೂ ಹೇಳಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಸರ್ಕಾರಿ ಕಡತಗಳಲ್ಲಿ ಇತರರ ಹೊಣೆಗಾರಿಕೆಯನ್ನು ನಿಗದಿಪಡಿಸಿದವನಿಗೆ ತನ್ನ ಹೊಣೆಯನ್ನು ಒಂದು ವಾಕ್ಯದಲ್ಲಿ ಹೇಳುವುದು ಎಷ್ಟು ಕಷ್ಟವೆಂದು ಆ ಬೆಳಿಗ್ಗೆ ತಿಳಿಯಿತು.

ಡಿಪ್ ಮಾಡಿಯೂ ಏಕೆ ಹೀಗಾಗುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಕಾರಿನ ದೀಪವೆಂದರೆ ಬಲ್ಬು ಮಾತ್ರವಲ್ಲ. ಬಲ್ಬು, ಅದರ ಹಿಂದಿನ ಪ್ರತಿಫಲಕ ಬಟ್ಟಲು, ಮುಂದಿನ ಗಾಜು ಸೇರಿ ಒಂದು ಘಟಕ. ಹ್ಯಾಲೊಜೆನ್ ಬಲ್ಬಿನೊಳಗಿನ ತಂತಿ ಇರುವ ನಿಖರ ಸ್ಥಾನವನ್ನು ಲೆಕ್ಕಹಾಕಿ ಆ ಬಟ್ಟಲನ್ನು ರೂಪಿಸಿರುತ್ತಾರೆ. ಡಿಪ್ ಮಾಡಿದಾಗ ಬೆಳಕು ಒಂದು ಗೆರೆಗಿಂತ ಮೇಲೇರದಂತೆ ನೋಡಿಕೊಳ್ಳುವುದು ಆ ಲೆಕ್ಕಾಚಾರವೇ. ಅಲ್ಲಿ ಬೇರೆ ಆಕಾರದ ಎಲ್‌ಇಡಿ ಕೂರಿಸಿದರೆ ಗೆರೆ ಕದಡುತ್ತದೆ. ಬೆಳಕು ರಸ್ತೆಯ ಮೇಲೆ ಬೀಳುವುದರ ಜೊತೆಗೆ ಎದುರಿನವರ ಮುಖದ ಮೇಲೂ ಚೆಲ್ಲುತ್ತದೆ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ದೀಪದ ಮಾತು ಬೇರೆ. ನಮ್ಮ ಹಳೆಯ ಬಟ್ಟಲಿಗೆ ಹೊಸ ಬಲ್ಬು ತುರುಕಿದಾಗ ಡಿಪ್ ಮಾಡುವ ಗುಂಡಿ ಹೆಸರಿಗಷ್ಟೇ ಉಳಿಯುತ್ತದೆ. ವಯಸ್ಸಾದಂತೆ ಕಣ್ಣು ಇಂಥ ಕೋರೈಸುವಿಕೆಯಿಂದ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು ಎಂಬುದು ಇನ್ನೊಂದು ಸಂಗತಿ. ಅಂದರೆ ನನ್ನಂಥ ಹಿರಿಯರು ತಮ್ಮ ಅನುಕೂಲಕ್ಕೆಂದು ಹಾಕಿಸಿದ ದೀಪ, ಎದುರಿನಿಂದ ಬರುವ ನನ್ನಂಥ ಹಿರಿಯರಿಗೇ ಹೆಚ್ಚು ಅಪಾಯಕಾರಿ.

ಈ ವ್ಯವಹಾರದಲ್ಲಿ ಒಂದು ಅರ್ಥಶಾಸ್ತ್ರವಿದೆ. ಕೊಳ್ಳುವವನಿಗೆ ಲಾಭ, ಮಾರುವವನಿಗೆ ಲಾಭ; ನಷ್ಟ ಮಾತ್ರ ಅಂಗಡಿಯೊಳಗೆ ಇರದ ಮೂರನೆಯವನದು. ಅವನು ಚೌಕಾಸಿ ಮಾಡಲು ಅಲ್ಲಿ ಇಲ್ಲ. ಜೊತೆಗೆ ಇದು ಮುಗಿಯದ ಪೈಪೋಟಿ. ಎದುರಿನವನ ಬೆಳಕು ಜಾಸ್ತಿಯಾಯಿತೆಂದು ನಾನು ಹಾಕಿಸುತ್ತೇನೆ. ನನ್ನದು ಜಾಸ್ತಿಯಾಯಿತೆಂದು ಅವನು ಇನ್ನೂ ಪ್ರಖರವಾದದ್ದನ್ನು ತರುತ್ತಾನೆ. ಜಾತ್ರೆಯಲ್ಲಿ ತೇರು ನೋಡಲು ಮುಂದಿನವರು ತುದಿಗಾಲಲ್ಲಿ ನಿಂತರೆ ಹಿಂದಿನವರೂ ನಿಲ್ಲಬೇಕಾಗುತ್ತದೆ. ಕಡೆಗೆ ಎಲ್ಲರ ಕಾಲೂ ನೋಯುತ್ತದೆ, ತೇರು ಯಾರಿಗೂ ಹೆಚ್ಚು ಕಾಣುವುದಿಲ್ಲ. ಇಂಥ ಪೈಪೋಟಿಯ ನಿರರ್ಥಕತೆಯನ್ನು ಫ್ರೆಡ್ ಹರ್ಷ್ ಎಂಬ ಅರ್ಥಶಾಸ್ತ್ರಜ್ಞ 1976ರ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಕಲಬುರಗಿ–ಹುಮನಾಬಾದ್ ಹೆದ್ದಾರಿಯಲ್ಲಿ ಒಂದು ರಾತ್ರಿ ಕಾರು ಓಡಿಸಿದರೆ ಗ್ರಂಥ ಓದುವ ಅಗತ್ಯ ಬೀಳದು.

ಹಾಗೆಂದು ಹೊರಗಿನ ಪರಿಕರಗಳೆಲ್ಲ ಕೆಟ್ಟವು ಎನ್ನುವುದು ಸರಿಯಲ್ಲ. ಬೇಸಿಗೆಯಲ್ಲಿ ಪಾದರಸ 43–44 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ ಗಾಜಿಗೆ ಫಿಲ್ಮು ಬಯಸುವುದು ಶೋಕಿಯಲ್ಲ. ಆದರೆ 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಕಪ್ಪು ಫಿಲ್ಮನ್ನು ನಿಷೇಧಿಸಿತು. ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಶೇ 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. ಆ ಬಳಿಕ ನಿಯಮಗಳಿಗೆ ತಿದ್ದುಪಡಿಯಾಗಿ, ಈ ಮಿತಿಯೊಳಗಿನ ಮತ್ತು ನಿಗದಿತ ಗುಣಮಟ್ಟದ ಫಿಲ್ಮು ಅಂಟಿಸಿದವರಿಗೆ ದಂಡ ಹಾಕಲಾಗದು ಎಂದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಸೆಕೆ ತಡೆಯಲು ಅವಕಾಶವುಂಟು, ಒಳಗಿರುವವರು ಹೊರಗಿನ ಕಣ್ಣಿಗೆ ಮರೆಯಾಗಲು ಇಲ್ಲ ಎಂಬುದು ಇದರ ಒಟ್ಟು ಅರ್ಥ. ನ್ಯಾಯವಾದ ಗೆರೆ ಅದು.

ಮುಂಭಾಗದ ಕಬ್ಬಿಣದ ಗಾರ್ಡಿನ ಕಥೆ ಬೇರೆ. ಅದು ಕಾರನ್ನು ಕಾಪಾಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಕಾರಿನ ಮೂತಿ ಡಿಕ್ಕಿಯಲ್ಲಿ ನಜ್ಜುಗುಜ್ಜಾಗಲೆಂದೇ ರೂಪುಗೊಂಡಿರುತ್ತದೆ. ಹೊಡೆತದ ರಭಸವನ್ನು ತಾನು ಹೀರಿ ಒಳಗಿನವರಿಗೆ ತಲುಪದಂತೆ ಮಾಡುವುದು ಅದರ ಕೆಲಸ. ಗಾರ್ಡು ಆ ಹೊಡೆತವನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ. ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸಂವೇದಕದ ಲೆಕ್ಕವೂ ತಪ್ಪಬಹುದು. ಪಾದಚಾರಿಗೆ ತಗುಲಿದರಂತೂ ಹೇಳುವುದೇ ಬೇಡ. ಆದ್ದರಿಂದಲೇ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಸೀಟಿನಲ್ಲಿ ಪಕ್ಕದ ಏರ್‌ಬ್ಯಾಗ್ ಇರುವ ಕಾರಿಗೆ ಗಟ್ಟಿ ಹೊದಿಕೆ ಹೊಲಿಸಿದರೆ ಚೀಲ ಬಿಚ್ಚಿಕೊಳ್ಳಲು ಅಡ್ಡಿ. ಕಾಲಡಿಯ ಮ್ಯಾಟಿನಂಥ ನಿರುಪದ್ರವಿ ವಸ್ತುವೂ ಜರುಗಿ ಆಕ್ಸಿಲರೇಟರ್ ಪೆಡಲನ್ನು ಹಿಡಿದಿಡಬಲ್ಲದು. ಈ ಭಯದಿಂದಲೇ 2009ರಲ್ಲಿ ಟೊಯೊಟಾ ಕಂಪನಿ ಅಮೆರಿಕದಲ್ಲಿ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಮ್ಯಾಟು ತೆಗೆದಿಡಲು ಸೂಚಿಸಬೇಕಾಯಿತು.

ಇವೆಲ್ಲಕ್ಕಿಂತ ವಿಷಾದದ ಪರಿಕರವೆಂದರೆ ಸೀಟ್ ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸುವ ಪುಟ್ಟ ಕ್ಲಿಪ್ಪು. ಬೆಲ್ಟ್ ಧರಿಸದೆಯೇ ಧರಿಸಿದಂತೆ ಕಾರನ್ನು ವಂಚಿಸುವ ಸಾಧನ ಅದು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಆದೇಶದ ಮೇರೆಗೆ ಆನ್‌ಲೈನ್ ಮಾರಾಟ ತಾಣಗಳು ಇಂಥ 13 ಸಾವಿರಕ್ಕೂ ಹೆಚ್ಚು ಸರಕಿನ ನಮೂದುಗಳನ್ನು ತೆಗೆದುಹಾಕಿದವು. ಅದರ ಹಿಂದಿನ ವರ್ಷ, 2022ರಲ್ಲಿ, ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಧರಿಸಿರಲಿಲ್ಲ ಎನ್ನುತ್ತದೆ ಸಚಿವಾಲಯದ ವರದಿ. ಸಾವಿನ ಎಚ್ಚರಿಕೆಯನ್ನು ಕಿರಿಕಿರಿ ಎಂದು ಭಾವಿಸಿ, ಅದನ್ನು ತಪ್ಪಿಸಿಕೊಳ್ಳಲು ಹಣ ಕೊಡುವ ಗ್ರಾಹಕನನ್ನು ಯಾವ ಅರ್ಥಶಾಸ್ತ್ರವೂ ವಿವೇಕಿಯೆಂದು ಕರೆಯಲಾರದು.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಹೇಳುತ್ತದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಪ್ರಕರಣ ದಾಖಲಿಸುವ ಅಭಿಯಾನವನ್ನೂ ಆರಂಭಿಸಿದರು. ಆದರೆ ದಂಡ ತೆರುವವನು ರಸ್ತೆಯಲ್ಲಿ ಸಿಕ್ಕಿಬಿದ್ದ ಮಾಲೀಕ. ಅದೇ ವಸ್ತುವನ್ನು ಹಾಡಹಗಲೇ ಮಾರಿ, ಜೋಡಿಸಿಯೂ ಕೊಡುವ ವ್ಯಾಪಾರಕ್ಕೆ ತಡೆಯಿಲ್ಲ. ಕಾಲುವೆಯ ತೂಬು ತೆರೆದಿಟ್ಟು ಹೊಲದಲ್ಲಿ ನೀರು ಗೋರಿದಂತೆ ಈ ಕ್ರಮ. ಅಂಗಡಿಯವರೂ ಬದುಕಬೇಕು, ಕಾನೂನು ಒಪ್ಪುವುದು ಯಾವುದು, ಒಪ್ಪದಿರುವುದು ಯಾವುದು ಎಂಬ ಕನ್ನಡದ ಒಂದು ಸರಳ ಫಲಕವನ್ನು ಪ್ರತಿ ಅಂಗಡಿಯಲ್ಲಿ ತೂಗುಹಾಕುವಂತೆ ಸಾರಿಗೆ ಇಲಾಖೆ ಕಡ್ಡಾಯ ಮಾಡಿದರೂ ಅರ್ಧ ಕೆಲಸವಾದೀತು.

ಇಲ್ಲಿ ನಮ್ಮ ವರ್ಗದ, ಅಂದರೆ ಅಧಿಕಾರಿ ವರ್ಗದ, ಪಾಲನ್ನೂ ಒಪ್ಪಿಕೊಳ್ಳಬೇಕು. ಈ ದೇಶದಲ್ಲಿ ಕಾರಿನ ಮೇಲಿನ ಅತ್ಯಂತ ಪ್ರತಿಷ್ಠಿತ ಪರಿಕರ ದೀರ್ಘಕಾಲ ಕೆಂಪು ದೀಪವೇ ಆಗಿತ್ತು. ಅದಕ್ಕೆ ಅರ್ಹರಲ್ಲದವರೂ ಹಾಕಿಕೊಂಡು ತಿರುಗಿದ್ದನ್ನು ಸೇವೆಯುದ್ದಕ್ಕೂ ಕಂಡಿದ್ದೇನೆ. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮಿತಿ ಹಾಕಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ತೆಗೆದೇಹಾಕಿತು. ರಸ್ತೆಯಲ್ಲಿ ‘ನನಗೆ ದಾರಿ ಬಿಡು’ ಎಂದು ಬೆಳಕಿನ ಮೂಲಕ ಆಜ್ಞಾಪಿಸುವುದನ್ನು ಜನಸಾಮಾನ್ಯರಿಗೆ ಕಲಿಸಿದವರು ನಾವೇ. ಕೆಂಪು ಹೋಯಿತು, ಬಿಳಿ ಬಂತು, ಮನೋಧರ್ಮ ಉಳಿಯಿತು.

ಆದರೂ ಎಲ್ಲವೂ ಅಹಂಕಾರದ ಫಲವಲ್ಲ. ನಾನು ದೀಪ ಬದಲಿಸಿದ್ದು ರಸ್ತೆ ಕಾಣದೆ. ಬಿಳಿ ಗೆರೆ ಅಳಿಸಿದ, ಅಂಚಿನಲ್ಲಿ ಪ್ರತಿಫಲಕಗಳಿಲ್ಲದ ದಾರಿಯಲ್ಲಿ, ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಹಿಂದೆ ಹೋಗುವವನು ಬೆಳಕನ್ನು ಕೊಂಡುಕೊಳ್ಳದೆ ಇನ್ನೇನು ಮಾಡಿಯಾನು? ನೀರು ಬಾರದಿದ್ದರೆ ಕೊಳವೆಬಾವಿ, ವಿದ್ಯುತ್ ಹೋದರೆ ಇನ್ವರ್ಟರ್, ರಸ್ತೆ ಕತ್ತಲಾದರೆ ಎಲ್‌ಇಡಿ. ಸಾರ್ವಜನಿಕ ಕೊರತೆಯನ್ನು ಖಾಸಗಿ ಖರ್ಚಿನಿಂದ ತುಂಬಿಕೊಳ್ಳುವುದು ನಮ್ಮ ಮಧ್ಯಮ ವರ್ಗದ ಅಭ್ಯಾಸ. 1958ರಲ್ಲಿ ಗಾಲ್ಬ್ರೇತ್ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಹವಾನಿಯಂತ್ರಿತ ಕಾರಿನಲ್ಲಿ ಕುಳಿತು ಹದಗೆಟ್ಟ ಬೀದಿಗಳ ನಡುವೆ ವಿಹಾರ ಹೊರಟ ಕುಟುಂಬವೊಂದರ ಚಿತ್ರ ಕೊಟ್ಟಿದ್ದ. ಮುಂದೆ ಆತ ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಬಂದ. ಇಂದು ಬಂದಿದ್ದರೆ ಆ ಕುಟುಂಬ ನಮ್ಮ ಹೆದ್ದಾರಿಯಲ್ಲೇ ಸಿಗುತ್ತಿತ್ತು.

ಅಂಗಡಿಗೆ ಮತ್ತೆ ಹೋಗಿ ಹಳೆಯ ಹ್ಯಾಲೊಜೆನ್ ಬಲ್ಬುಗಳನ್ನೇ ಹಾಕಿಸಿಕೊಂಡೆ. ಮಸುಕಾಗಿದ್ದ ದೀಪದ ಗಾಜನ್ನು ಉಜ್ಜಿಸಿದೆ, ಬೆಳಕಿನ ಎತ್ತರವನ್ನು ಸರಿಪಡಿಸಿದೆ, ಕನ್ನಡಕ ಬದಲಿಸಿದೆ. ಅರ್ಧ ತೊಂದರೆ ಅಲ್ಲೇ ಇತ್ತೆಂದು ಆಗ ತಿಳಿಯಿತು. ಕತ್ತಲಾಗುವ ಮುನ್ನ ಕಮಲಾಪುರ ಬಿಡುವ ರೂಢಿಯನ್ನೂ ಮಾಡಿಕೊಂಡೆ.

ಅಳಿಯನ ಹೆಗಲು ಕೂಡಿದ ಮೇಲೆ ಒಂದು ದಿನ ತೋಟದಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಇರಲಿ ಬಿಡ್ರಿ ಮಾಮಾ, ನೀವೇ ಅಂತ ಏನದ” ಎಂದ. ಕ್ಷಮೆ ದೊರೆಯಿತೆಂದು ನಾನು ತಿಳಿದಿಲ್ಲ. ಅವನು ದೊಡ್ಡತನ ತೋರಿದ, ಅಷ್ಟೇ. ಆ ವಾರ ನಾನು ಕಾರಿಗೆಂದು ಏನನ್ನೂ ಕೊಳ್ಳಲಿಲ್ಲ. ಕೆಲವೇ ನೂರು ರೂಪಾಯಿಗಳ ಕೆಂಪು ಪ್ರತಿಫಲಕ ಪಟ್ಟಿಗಳನ್ನು ತಂದು, ಅವನ ಟ್ರ್ಯಾಕ್ಟರಿನ ಟ್ರೇಲರಿಗೂ ಪಕ್ಕದ ಹೊಲದವರ ಎರಡು ಬಂಡಿಗಳಿಗೂ ಇಬ್ಬರೂ ಕೂಡಿ ಅಂಟಿಸಿದೆವು. ನನ್ನ ಕಾರಿನ ದೀಪ ಈಗ ಮೊದಲಿನಂತೆ ಹಳದಿಯೇ. ಆದರೆ ಮಹಾಗಾಂವ ಕ್ರಾಸ್ ದಾಟಿದ ಮೇಲೆ ಆ ಬಂಡಿಗಳು ದೂರದಿಂದಲೇ ಕಾಣುತ್ತವೆ; ನನಗಷ್ಟೇ ಅಲ್ಲ, ಆ ಹಾದಿಯಲ್ಲಿ ಬರುವ ಎಲ್ಲರಿಗೂ.