ಮೈಯ ಗಂಟುಗಳೂ ಅಯಸ್ಕಾಂತದ ಚಿತ್ರವೂ

ತೊಡೆಯಲ್ಲಾಗಲಿ ತೋಳಿನಲ್ಲಾಗಲಿ ಗಂಟೊಂದು ಕಾಣಿಸಿಕೊಂಡು, ಅದು ನೋಯದೆ ಇದ್ದರೆ, ನಾವು ಅದನ್ನು ಲಕ್ಷಿಸುವುದಿಲ್ಲ. ಇಂಥ ಗಂಟುಗಳಲ್ಲಿ ಬಹುಪಾಲು ನಿರಪಾಯವಾದುವೆಂಬುದು ನಿಜ. ಆದರೆ ಕೊಬ್ಬು, ಸ್ನಾಯು ಮೊದಲಾದ ಮೃದುವಾದ ಭಾಗಗಳಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಸಹ ಅನೇಕ ವೇಳೆ ನೋವಿಲ್ಲದೆಯೇ ಬೆಳೆಯುವುದುಂಟು. ಆದಕಾರಣ ವೈದ್ಯರು ಮೊದಲು ಎಂ.ಆರ್.ಐ. ಚಿತ್ರವನ್ನು ಏಕೆ ಕೇಳುವರೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸುವುದು ಉಚಿತವೆಂದು ಎಣಿಸುತ್ತೇವೆ.

ಸಾರ್ಕೋಮಾಗಳೆಲ್ಲವೂ ಸಮಾನವಾಗಿ ಉಗ್ರವಾದುವಲ್ಲ. ಫ್ರಾನ್ಸ್ ದೇಶದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವು ಏರ್ಪಡಿಸಿದ ಕ್ರಮದಲ್ಲಿ ಇವಕ್ಕೆ 3 ದರ್ಜೆಗಳುಂಟು. ಗಂಟಿನ ಜೀವಕಣಗಳು ಸಹಜವಾದುವುಗಳಿಂದ ಎಷ್ಟು ಭಿನ್ನವಾಗಿವೆ, ಎಷ್ಟು ಬೇಗ ಒಡೆದು ವೃದ್ಧಿಯಾಗುತ್ತಿವೆ, ಎಷ್ಟು ಭಾಗ ಸತ್ತುಹೋಗಿದೆ, ಎಂಬ ಮೂರನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ದರ್ಜೆಯನ್ನು ನಿರ್ಣಯಿಸುವರು. ದರ್ಜೆಯು ಏರಿದಷ್ಟೂ ರೋಗವು ಶ್ವಾಸಕೋಶವೇ ಮೊದಲಾದೆಡೆಗೆ ಹರಡುವ ಭಯವು ಹೆಚ್ಚು.

ಎಂ.ಆರ್.ಐ. ಯಂತ್ರವು ಪ್ರಬಲವಾದ ಅಯಸ್ಕಾಂತ. ನಮ್ಮ ಮೈಯ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಇರುವ ಜಲಜನಕವು ರೇಡಿಯೋ ಅಲೆಗಳಿಗೆ ಕೊಡುವ ಮರುದನಿಯಿಂದ ಅದು ಚಿತ್ರವನ್ನು ರಚಿಸುತ್ತದೆ. ಎಕ್ಸ್-ರೇ ಕಿರಣಗಳ ಸೋಂಕು ಇಲ್ಲಿಲ್ಲ. ಈ ವಿಧಾನಕ್ಕಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಎಂಬವರು 2003ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು.

ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾಗಿರುವುದು, ಅದರ ಒಳಭಾಗವು ಒಂದೇ ಸಮನಾಗಿರದೆ ನಡುವೆ ಸತ್ತ ಭಾಗವು ಕಾಣುವುದು, ಅಂಚು ಸ್ಪಷ್ಟವಿಲ್ಲದಿರುವುದು, ಸುತ್ತಲೂ ಬಾವು ಹರಡಿರುವುದು, ಇವು ಮೇಲಿನ ದರ್ಜೆಯ ಶಂಕೆಯನ್ನು ಹುಟ್ಟಿಸುತ್ತವೆ. ಗ್ಯಾಡೊಲಿನಿಯಂ ಬೆರೆತ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಸಜೀವ ಭಾಗವು ಬೆಳಗುವುದು, ಸತ್ತ ಭಾಗವು ಕಪ್ಪಾಗಿಯೇ ಉಳಿಯುವುದು.

ಆದರೂ ಚಿತ್ರವೇ ತೀರ್ಪಲ್ಲ. ಕೆಲವು ಉಗ್ರವಾದ ಗಂಟುಗಳು ಚಿಕ್ಕವಾಗಿಯೂ ನುಣುಪಾಗಿಯೂ ತೋರಿ ವಂಚಿಸುತ್ತವೆ. ಕೆಲವು ನೀರುಗುಳ್ಳೆಯಂತೆ ಕಾಣುತ್ತವೆ. ಹಣ್ಣಿನ ಬಣ್ಣವನ್ನು ಕಂಡಮಾತ್ರಕ್ಕೆ ಒಳಗಿನ ಹುಳು ತಿಳಿಯದಷ್ಟೆ. ತೀರ್ಪು ಸೂಜಿಯಿಂದ ತೆಗೆದ ತುಣುಕಿನದು. ಚಿತ್ರದ ನಿಜವಾದ ಉಪಕಾರವು ಆ ಸೂಜಿಗೆ ದಾರಿ ತೋರುವುದರಲ್ಲಿದೆ. ಒಂದೇ ಗಂಟಿನಲ್ಲಿ ಸೌಮ್ಯ ಭಾಗವೂ ಉಗ್ರ ಭಾಗವೂ ಇರಬಹುದು. ಸೂಜಿಯು ಸೌಮ್ಯ ಭಾಗವನ್ನೇ ಮುಟ್ಟಿದರೆ ದರ್ಜೆಯು ಕಡಿಮೆಯೆಂದು ತಿಳಿದು ಚಿಕಿತ್ಸೆಯು ತಪ್ಪೀತು. ಮೊದಲೇ ಸೂಜಿ ಚುಚ್ಚಿದರೆ ರಕ್ತವೂ ಬಾವೂ ಸೇರಿ ಚಿತ್ರವು ಕಲುಷಿತವಾದೀತು.

ಆದುದರಿಂದ, ಬೆಳೆಯುತ್ತಿರುವ, ಆಳವಾದ ಅಥವಾ ದೊಡ್ಡ ಗಂಟನ್ನು ಅವಸರದಿಂದ ಕೊಯ್ಯಿಸಿಬಿಡಬಾರದು. ಮೊದಲು ಚಿತ್ರ, ಬಳಿಕ ಸೂಜಿ, ಕಡೆಗೆ ಕತ್ತಿ: ಈ ಕ್ರಮವನ್ನು ಮನೆಯವರೆಲ್ಲರೂ ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.