ಮೋಟಾರು ಸೈಕಲ್ಲಿನ ಕ್ಲಚ್ಚು: ವೆಚ್ಚವೂ ವಿವೇಕವೂ



ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿಯಲ್ಲಿ ಮೋಟೆಬೆನ್ನೂರಿನ ಬಳಿ ಒಳಕ್ಕೆ ತಿರುಗಿದರೆ ಬ್ಯಾಡಗಿ ಪಟ್ಟಣವು ಸಿಕ್ಕುತ್ತದೆ. ಈ ಊರಿನ ಹೆಸರನ್ನು ಹೊತ್ತ ಮೆಣಸಿನಕಾಯಿಯು ಖಾರಕ್ಕಿಂತಲೂ ಹೆಚ್ಚಾಗಿ ತನ್ನ ಕೆಂಪು ಬಣ್ಣಕ್ಕೆ ಪ್ರಸಿದ್ಧವಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಸುಗ್ಗಿಯ ದಿನಗಳಲ್ಲಿ ಅಲ್ಲಿನ ಮಾರುಕಟ್ಟೆಯ ಹಾದಿಯನ್ನು ಕಂಡವರಿಗೆ ಒಂದು ದೃಶ್ಯವು ಪರಿಚಿತವಾಗಿರಬಹುದು. ಲಾರಿಗಳ ಸಾಲಿನ ನಡುವೆ, ಹಿಂದೆ ಚೀಲವನ್ನು ಬಿಗಿದ ಮೋಟಾರು ಸೈಕಲ್ಲೊಂದು ಹತ್ತು ಮಾರು ಚಲಿಸುತ್ತದೆ, ನಿಲ್ಲುತ್ತದೆ, ಮತ್ತೆ ಹತ್ತು ಮಾರು ಚಲಿಸುತ್ತದೆ. ಸವಾರನ ಎಡಗೈಯ ಬೆರಳುಗಳು ಕ್ಲಚ್ಚಿನ ಲಿವರನ್ನು ಬಿಡುವುದೇ ಇಲ್ಲ. ಕೆಲವು ತಿಂಗಳು ಕಳೆದಮೇಲೆ ಅವನು ಮೆಕ್ಯಾನಿಕನ ಅಂಗಡಿಗೆ ಬಂದು, "ಗಾಡಿ ಎಳೀವಲ್ದು" ಎಂದು ದೂರುತ್ತಾನೆ. ಪಕ್ಕದಲ್ಲಿ ನಿಂತ ಯಾರೋ ಒಬ್ಬರು, ಬೆಲೆಯುಳ್ಳ ಹೊಸ ಬಗೆಯ ಕ್ಲಚ್ಚನ್ನು ಹಾಕಿಸಿಬಿಡು ಎಂದು ಸಲಹೆ ಕೊಡುತ್ತಾರೆ. ಈ ಸಲಹೆಯನ್ನು ಕೇಳಬಹುದೇ, ಕೇಳಬಾರದೇ ಎಂಬುದನ್ನು ಈ ದಿನ ವಿವೇಚಿಸೋಣ.

ಮೊದಲು, ಕ್ಲಚ್ಚೆಂದರೇನು? ಇಂಜಿನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಲೇ ಇರಬೇಕು. ಚಕ್ರವಾದರೋ ನಿಶ್ಚಲಸ್ಥಿತಿಯಿಂದ ಹೊರಡಬೇಕು. ಓಡುವವನಿಗೂ ನಿಂತವನಿಗೂ ಸಂಧಾನ ಮಾಡಿಸುವ ಮಧ್ಯಸ್ಥನೇ ಕ್ಲಚ್ಚು. ನಮ್ಮ ಸಾಮಾನ್ಯ ಮೋಟಾರು ಸೈಕಲ್ಲುಗಳಲ್ಲಿ ಇದು ಇಂಜಿನ್ನಿನ ಎಣ್ಣೆಯಲ್ಲಿಯೇ ತಿರುಗುವ ಬುಟ್ಟಿಯಾಕಾರದ ಒಂದು ಭಾಗ. ಅದರೊಳಗೆ, ಘರ್ಷಣೆಯ ಪದಾರ್ಥವನ್ನು ಅಂಟಿಸಿದ ಪ್ಲೇಟು ಒಂದು, ಬರಿಯ ಉಕ್ಕಿನ ಪ್ಲೇಟು ಒಂದು, ಹೀಗೆ ಒಂದರ ಮೇಲೊಂದನ್ನು ಜೋಡಿಸಿ ಸ್ಪ್ರಿಂಗುಗಳಿಂದ ಅದುಮಿರುತ್ತಾರೆ. ಲಿವರನ್ನು ಹಿಡಿದಾಗ ಅದುಮು ಸಡಿಲವಾಗುತ್ತದೆ. ಬಿಟ್ಟಾಗ ಪ್ಲೇಟುಗಳು ಒಂದನ್ನೊಂದು ಕಚ್ಚಿ ಚಕ್ರಕ್ಕೆ ಶಕ್ತಿಯನ್ನು ಒಯ್ಯುತ್ತವೆ. ಈ ಹಿಡಿತದ ಬಲವು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಉಜ್ಜುವ ಮುಖಗಳ ಸಂಖ್ಯೆ, ಅವುಗಳ ಸರಾಸರಿ ತ್ರಿಜ್ಯ, ಪದಾರ್ಥದ ಘರ್ಷಣಗುಣ ಮತ್ತು ಸ್ಪ್ರಿಂಗುಗಳ ಒತ್ತಡ. ಆಯಾ ಇಂಜಿನ್ನಿನ ಬಲವನ್ನು ಲೆಕ್ಕಹಾಕಿ, ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ತಯಾರಕರು ಈ ಹಿಡಿತವನ್ನು ನಿಗದಿಮಾಡಿರುತ್ತಾರೆ. ಆದುದರಿಂದ ಇಂಜಿನ್ನಿನ ಬಲವನ್ನು ಹೆಚ್ಚಿಸದೆ ಕ್ಲಚ್ಚಿನ ಹಿಡಿತವನ್ನು ಮಾತ್ರ ಹೆಚ್ಚಿಸಿದರೆ ಗಾಡಿಯ ವೇಗವು ಹೆಚ್ಚುವುದಿಲ್ಲ.

ಕ್ಲಚ್ಚು ಸವೆಯುವುದು ಶಾಖದಿಂದ. ಸಮತಟ್ಟಾದ ರಸ್ತೆಯಲ್ಲಿ ಇಂಜಿನ್ನಿನ ವೇಗವನ್ನು ಒಂದೇ ಸಮನಾಗಿಟ್ಟು ಕ್ಲಚ್ಚನ್ನು ಮೆಲ್ಲಗೆ ಬಿಟ್ಟು ಹೊರಟೆವೆನ್ನೋಣ. ಅದು ಪೂರ್ತಿ ಕಚ್ಚುವಷ್ಟರಲ್ಲಿ ಗಾಡಿಯು ಎಷ್ಟು ಚಲನಶಕ್ತಿಯನ್ನು ಪಡೆಯುವುದೋ ಅಷ್ಟೇ ಶಕ್ತಿಯು ಪ್ಲೇಟುಗಳ ನಡುವೆ ಶಾಖವಾಗಿ ಹೋಗುತ್ತದೆ. ತೂಕವು ಇಮ್ಮಡಿಯಾದರೆ ಪ್ರತಿಯೊಂದು ಹೊರಡುವಿಕೆಯ ಶಾಖವೂ ಇಮ್ಮಡಿ. ಇನ್ನು, ಕ್ಲಚ್ಚನ್ನು ಅರ್ಧ ಹಿಡಿದೇ ತೆವಳಿಕೊಂಡು ಹೋದರೆ ಈ ಶಾಖಕ್ಕೆ ಬಿಡುವೇ ಇರುವುದಿಲ್ಲ. ಬ್ಯಾಡಗಿಯ ಆ ಸಾಲಿನಲ್ಲಿ ಒಂದು ಗಂಟೆ ತೆವಳುವ ಗಾಡಿಯು ಹೆದ್ದಾರಿಯಲ್ಲಿ ದಿನವಿಡೀ ಓಡುವ ಗಾಡಿಗಿಂತ ಹೆಚ್ಚು ಸವೆದರೆ ಆಶ್ಚರ್ಯವೇನೂ ಇಲ್ಲ.

ಇಲ್ಲಿ ಒಂದು ಅನುಭವವನ್ನು ಹೇಳಬೇಕು. ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಹೊಲಗಳಿಗೆ ನಿತ್ಯವೂ ಓಡಾಡುವ ಮಿತ್ರರೊಬ್ಬರು, ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣದಲ್ಲಿ ಬೆಲೆಯುಳ್ಳ ಕ್ಲಚ್ಚನ್ನು ಕೊಳ್ಳುವುದರಲ್ಲಿದ್ದರು. ಹಣ ಕೊಡುವ ಮೊದಲು ಗಾಡಿಯನ್ನು ಪರೀಕ್ಷಿಸೋಣವೆಂದು ನಾನು ಒತ್ತಾಯಪಡಿಸಿದೆ. ಮೇಲಿನ ಗೇರಿನಲ್ಲಿ ಹದವಾದ ವೇಗದಿಂದ ಹೋಗುತ್ತ ಆಕ್ಸಿಲರೇಟರನ್ನು ಒಮ್ಮೆಲೇ ತಿರುವಿದಾಗ ಇಂಜಿನ್ನಿನ ಸದ್ದು ಏರಿತು, ವೇಗವು ಏರಲಿಲ್ಲ. ಕ್ಲಚ್ಚು ಜಾರುತ್ತಿದೆಯೆಂಬುದಕ್ಕೆ ಇದೇ ನಿದರ್ಶನ. ಆದರೆ ಕಾರಣವೇನು? ಕೇಬಲ್ಲು ಎಷ್ಟು ಬಿಗಿಯಾಗಿತ್ತೆಂದರೆ, ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ ಇರಬೇಕಾದ 10ರಿಂದ 20 ಮಿಲಿಮೀಟರಿನ ಸಡಿಲವು ಕಿಂಚಿತ್ತೂ ಇರಲಿಲ್ಲ. ಕೈ ಬಿಟ್ಟಾಗಲೂ ಪ್ಲೇಟುಗಳು ಪೂರ್ತಿಯಾಗಿ ಅದುಮಿಕೊಳ್ಳುತ್ತಿರಲಿಲ್ಲ. ಮೇಲಾಗಿ, ಅಗ್ಗವಾಗಿ ಸಿಕ್ಕಿತೆಂದು ಕಾರಿನ ಎಣ್ಣೆಯನ್ನು ಹೊಯ್ದಿದ್ದರು.

ಎಣ್ಣೆಯ ವಿಷಯದಲ್ಲಿ ಎರಡು ಮಾತು. ಇಂಧನವನ್ನು ಉಳಿಸುವುದಕ್ಕಾಗಿ ಕಾರಿನ ಕೆಲವು ಎಣ್ಣೆಗಳಿಗೆ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸಿರುತ್ತಾರೆ. ಕಾರಿನ ಕ್ಲಚ್ಚು ಇಂಜಿನ್ನಿನ ಎಣ್ಣೆಯಲ್ಲಿರುವುದಿಲ್ಲವಾದುದರಿಂದ ಅಲ್ಲಿ ಇದು ಗುಣ. ನಮ್ಮ ಗಾಡಿಗಳಲ್ಲಿ ಇದೇ ದೋಷ. ಎಣ್ಣೆಯಲ್ಲಿ ತಿರುಗುವ ಕ್ಲಚ್ಚಿಗೆ, ಡಬ್ಬಿಯ ಮೇಲೆ ಜಾಸೋ ಎಂ.ಎ. ಅಥವಾ ಎಂ.ಎ.2 ಎಂಬ ಗುರುತಿರುವ ಎಣ್ಣೆಯೇ ಯೋಗ್ಯವಾದುದು. ಎಂ.ಬಿ. ಎಂಬ ಗುರುತಿನದು ಸ್ಕೂಟರುಗಳಿಗೆ ಮೀಸಲು.

ಮಿತ್ರರ ಗಾಡಿಯ ಪ್ಲೇಟುಗಳು ಆಗಲೇ ಕಾದು ನುಣುಪೇರಿದ್ದುದರಿಂದ ಅವನ್ನು ಬದಲಿಸಬೇಕಾಯಿತು; ಆದರೆ ತಯಾರಕರ ಸಾಧಾರಣ ಪ್ಲೇಟುಗಳೇ ಸಾಕಾದವು. ಮೂಲದೋಷವನ್ನು ತಿದ್ದದೆ ದುಬಾರಿಯದನ್ನು ಹಾಕಿಸಿದ್ದರೆ, ಅದೇ ಬಿಗಿದ ಕೇಬಲ್ಲು ಮತ್ತು ಅದೇ ಎಣ್ಣೆಯಲ್ಲಿ ಅದೂ ಸುಡುತ್ತಿತ್ತು.

ಇನ್ನು ಮಾರಾಟಕ್ಕಿರುವ ಸುಧಾರಣೆಗಳನ್ನು ಒಂದೊಂದಾಗಿ ನೋಡೋಣ. ಗಡಸು ಸ್ಪ್ರಿಂಗುಗಳು ಹಿಡಿತವನ್ನು ಹೆಚ್ಚಿಸುತ್ತವೆ ನಿಜ. ಆದರೆ ಸ್ಪ್ರಿಂಗಿನ ಒತ್ತಡವು ಹೆಚ್ಚಿದಷ್ಟೂ ಲಿವರನ್ನು ಹಿಡಿಯುವ ಶ್ರಮವೂ ಹೆಚ್ಚುತ್ತದೆ. ನಿಂತು ನಿಂತು ಸಾಗುವವನಿಗೆ ಇದು ಬೆರಳುನೋವಿನ ದಾನ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಕೇಬಲ್ಲಿನ ಬದಲು ದ್ರವವು ಕೆಲಸಮಾಡುತ್ತದೆ. ಸವೆತಕ್ಕೆ ತಕ್ಕಂತೆ ಅದು ತಾನೇ ಹೊಂದಿಕೊಳ್ಳುವುದು ಅನುಕೂಲವೇ ಸರಿ. ಆದರೆ ಅದರಿಂದ ಪ್ಲೇಟುಗಳ ಹಿಡಿತವು ಹೆಚ್ಚುವುದಿಲ್ಲ, ದ್ರವವನ್ನು ಕಾಲಕಾಲಕ್ಕೆ ಬದಲಿಸುವ ಹೊಣೆಯೂ ಸೇರುತ್ತದೆ.

ಪಂದ್ಯದ ಗಾಡಿಗಳಿಂದ ಬಂದ ಸ್ಲಿಪ್ಪರ್ ಕ್ಲಚ್ಚಿನ ಪ್ರಯೋಜನವು ಬೇರೆ. ವೇಗದಲ್ಲಿರುವಾಗ ಥಟ್ಟನೆ ಗೇರನ್ನು ಇಳಿಸಿದರೆ ಹಿಂಚಕ್ರವೇ ಇಂಜಿನ್ನನ್ನು ತಿರುಗಿಸಲು ಹೋಗಿ ಕುಪ್ಪಳಿಸುತ್ತದೆ. ಈ ಕ್ಲಚ್ಚಿನೊಳಗಿನ ಓರೆಯಾದ ಮೆಟ್ಟಿಲುಗಳು ಆಗ ಪ್ಲೇಟುಗಳನ್ನು ತುಸು ಸಡಿಲಿಸಿ ಹಿಂಚಕ್ರವು ಜಾರುವುದನ್ನು ತಪ್ಪಿಸುತ್ತವೆ. ದೊಡ್ಡ ಇಂಜಿನ್ನಿನ ಗಾಡಿಯಲ್ಲಿ ಶಿರಸಿಯನ್ನು ದಾಟಿ, ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನು ಇಳಿದು ಕುಮಟೆಗೆ ಹೋಗುವವನಿಗೆ ಇದು ಪ್ರಾಣರಕ್ಷಣೆಗೂ ಒದಗೀತು. ಹಾವೇರಿಯ ಬಯಲಿನಲ್ಲಿ ನೂರು ಸಿ.ಸಿ.ಯ ಗಾಡಿಯನ್ನು ನಡೆಸುವವನಿಗೆ ಇದರ ಉಪಯೋಗವು ಅತ್ಯಲ್ಪ.

ಒಳ್ಳೆಯ ಕ್ಲಚ್ಚು ಇಡೀ ಯಂತ್ರದೊಡನೆ ಹುಟ್ಟಿಬಂದರೆ ಚೆನ್ನ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಗಾಡಿಗಳಲ್ಲಿ, ಕಾಲಿನಿಂದ ಗೇರಿನ ಪೆಡಲನ್ನು ಒತ್ತುತ್ತಿದ್ದಂತೆಯೇ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡಿತ್ತು. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿಹೋಯಿತು. ಆದರೂ ಹಳೆಯ ಸವಾರರು ಆ ಏರ್ಪಾಡನ್ನು ಮರೆತಿಲ್ಲ. ಅದು ಆಮೇಲೆ ಅಂಟಿಸಿದ ಅಲಂಕಾರವಾಗಿರಲಿಲ್ಲ, ಗೇರಿನೊಡನೆಯೇ ಯೋಚಿಸಿ ಮಾಡಿದುದಾಗಿತ್ತು.

ಕೊನೆಗೆ ಲೆಕ್ಕ. ಸಾಧಾರಣ ಪ್ಲೇಟುಗಳ ಬೆಲೆ ಒಂದು ಪಾಲು, ಬಿಚ್ಚಿ ಜೋಡಿಸುವ ಕೂಲಿ ಒಂದು ಪಾಲು, ಒಟ್ಟು ಎರಡು ಪಾಲು ಎಂದು ಇಟ್ಟುಕೊಳ್ಳೋಣ. ದುಬಾರಿ ಪ್ಲೇಟುಗಳ ಬೆಲೆಯು ನಾಲ್ಕು ಪಟ್ಟಾದರೆ, ಕೂಲಿ ಸೇರಿ ಐದು ಪಾಲು. ಅಂದರೆ ಅವು ಎರಡೂವರೆ ಪಟ್ಟು ಹೆಚ್ಚು ಕಾಲ ಬಾಳಿದರೆ ಮಾತ್ರ ಹಣಕ್ಕೆ ಹಣ ಸರಿಹೋಯಿತು. ಲಾಭವು ಅದಕ್ಕೂ ಮೇಲೆ. ಮಾರುವವರನ್ನು ಈ ಒಂದು ಪ್ರಶ್ನೆ ಕೇಳಿರಿ: ನನ್ನ ಗಾಡಿಯಲ್ಲಿ, ನನ್ನ ಹೊರೆಯಲ್ಲಿ ಇದು ಎಷ್ಟು ಪಟ್ಟು ಬಾಳುವುದು? ನಿಶ್ಚಯವಾದ ಉತ್ತರವು ಬರದಿದ್ದರೆ ಹಣವು ನಿಮ್ಮ ಜೇಬಿನಲ್ಲಿಯೇ ಇರಲಿ.

ಇಂಜಿನ್ನಿನ ಬಲವನ್ನು ಹೆಚ್ಚಿಸಿದವರಿಗೆ, ಪಂದ್ಯದಲ್ಲಿ ಓಡಿಸುವವರಿಗೆ, ಕೈಯ ನೋವಿನಿಂದ ಲಿವರನ್ನು ಹಿಡಿಯಲಾರದವರಿಗೆ ತಕ್ಕ ಸುಧಾರಣೆಯನ್ನು ಕೊಳ್ಳುವುದು ವ್ಯರ್ಥವಲ್ಲ. ಉಳಿದವರು ಕೇಬಲ್ಲಿನ ಸಡಿಲವನ್ನು ನೋಡಿಕೊಳ್ಳಲಿ, ತಕ್ಕ ಎಣ್ಣೆಯನ್ನು ಹಾಕಲಿ, ಸಾಲು ನಿಂತಾಗ ಗೇರನ್ನು ನ್ಯೂಟ್ರಲಿಗೆ ತಂದು ಎಡಗೈಗೆ ವಿಶ್ರಾಂತಿ ಕೊಡಲಿ. ಆ ನನ್ನ ಮಿತ್ರರ ಗಾಡಿಯು ಈಗಲೂ ಅದೇ ಸಾಧಾರಣ ಪ್ಲೇಟುಗಳ ಮೇಲೆ ಓಡುತ್ತಿದೆ. ಮಗಳ ಶುಲ್ಕವೂ ಸಕಾಲದಲ್ಲಿ ಸಂದಿತು.